ಹನ್ನೊಂದು ಸೆಕೆಂಡಿನ ದೀಪ

ಪುಣೆ
೧ ಮಾರ್ಚ್ ೧೯೯೯

ಶಶಿ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ವಿಳಾಸ ಹುಡುಕಬೇಕಾಗಲಿಲ್ಲ. ನನ್ನ ಮುಂದಿರುವ ಅರ್ಜಿಯಲ್ಲೇ ಇದೆ: ಚಾಮರಾಜಪೇಟೆ, ನಾಲ್ಕನೇ ಮುಖ್ಯರಸ್ತೆ, ಅದೇ ಮನೆ.

ನಾನೀಗ ಪುಣೆಯ ಹೊರಗಿರುವ ಒಂದು ವಿನ್ಯಾಸದ ಕಾಲೇಜಿನಲ್ಲಿದ್ದೇನೆ. ಪಾಠ ಹೇಳುವ ಕೆಲಸವಲ್ಲ. ವಿಸಿಆರ್, ಪ್ರೊಜೆಕ್ಟರ್, ಮೈಕು ನೋಡಿಕೊಳ್ಳುವವನು. ಈ ವರ್ಷದಿಂದ ಇಲ್ಲಿಗೆ ಸೇರಬಯಸುವವರು ಅರ್ಜಿಯ ಜೊತೆ ಒಂದು ವಿಡಿಯೊ ಕ್ಯಾಸೆಟ್ ಕಳಿಸಬೇಕು. ನಿಮಗೆ ಗೊತ್ತಿರುವ ಯಾವುದಾದರೂ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಿ. ಹತ್ತು ನಿಮಿಷ, ಒಂದೇ ಷಾಟ್, ನಡುವೆ ಎಡಿಟಿಂಗಿನ ಕತ್ತರಿ ಇರಬಾರದು. ನಿಯಮ ಇಷ್ಟೇ. ಆರಿಸುವವರು ಮೂವರು. ಅವರಿಗಿಂತ ಮೊದಲು ನಾನು ನೋಡುತ್ತೇನೆ. ಕ್ಯಾಸೆಟ್ ಓಡುತ್ತದೆಯೇ, ಧ್ವನಿ ಇದೆಯೇ, ಕತ್ತರಿ ಬಿದ್ದಿದೆಯೇ ಎಂದು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಕತ್ತರಿ ಇದೆ ಎಂದು ಬರೆದರೆ ಆ ಅರ್ಜಿ ಅಲ್ಲಿಗೆ ನಿಲ್ಲುತ್ತದೆ.

ಇನ್ನೂರ ಎಂಟು ನೋಡಿದ್ದೆ. ಒಬ್ಬ ಅಜ್ಜನಿಗೆ ಕ್ಷೌರ ಮಾಡುತ್ತಾನೆ. ಒಬ್ಬಳು ಸೈಕಲ್ಲಿನ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಾಳೆ. ಒಬ್ಬ ಅಂಗಿಗೆ ಇಸ್ತ್ರಿ ಹಾಕುತ್ತಾನೆ. ಒಂಬತ್ತನೇ ನಿಮಿಷದಲ್ಲಿ ಅಂಗಿ ಸುಡುತ್ತದೆ, ಉಳಿದ ಒಂದು ನಿಮಿಷ ಅವನು ಕ್ಯಾಮೆರಾವನ್ನೇ ನೋಡುತ್ತಾ ನಿಂತಿರುತ್ತಾನೆ.

ಇನ್ನೂರ ಒಂಬತ್ತನೆಯದು ನಿನ್ನ ಮಗಳದು, ತೇಜಶ್ರೀ ಎಸ್. ರಾಗಿ ಮುದ್ದೆ ಮಾಡುತ್ತಾಳೆ. ಏಳನೇ ನಿಮಿಷದಲ್ಲಿ, ಪಾತ್ರೆಯನ್ನು ನೆಲಕ್ಕಿಳಿಸಿ ಕೋಲಿನಿಂದ ಹಿಟ್ಟು ತಿರುವುತ್ತಿರುವಾಗ, ಒಂದು ದೀಪ ಬರುತ್ತದೆ. ಐದು ಬತ್ತಿಯ ಹಿತ್ತಾಳೆ ದೀಪ, ಎರಡನೇ ಬತ್ತಿ ಎಡಕ್ಕೆ ವಾಲಿದೆ. ಹಿಂದೆ ನಾದಸ್ವರ. ಹನ್ನೊಂದು ಸೆಕೆಂಡಿನ ಮೇಲೆ ಮತ್ತೆ ಹುಡುಗಿ, ಮತ್ತೆ ಪಾತ್ರೆ.

ಆ ದೀಪವನ್ನು ಬಳೇಪೇಟೆಯಲ್ಲಿ ಕೊಂಡವನು ನೀನು, ಹಚ್ಚಿದವನು ನಾನು. ಮದುವೆ ಕ್ಯಾಸೆಟ್ಟುಗಳಲ್ಲಿ ಏನು ಕೆಟ್ಟರೂ ಅದರ ಮೇಲೆ ಆ ಷಾಟ್ ಹಾಕುತ್ತಿದ್ದೆವು. ಮುಚ್ಚಳ ಎಂದು ಕರೆಯುತ್ತಿದ್ದೆವು. ಆದರೆ ಮುದ್ದೆಗೆ ನಾದಸ್ವರ ಹಾಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ರಿಜಿಸ್ಟರಿನಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ. ದೀಪದ ಕೆಳಗೆ ಏನಿದೆ?

ಶ್ರೀಹರಿ


ಚಾಮರಾಜಪೇಟೆ
೧೦ ಮಾರ್ಚ್ ೧೯೯೯

ಶ್ರೀಹರಿ,

ಪತ್ರ ಸಿಕ್ಕಿತು. ನಿನ್ನ ಅಕ್ಷರ ಹಾಗೇ ಇದೆ, ಸ್ಕೂಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ.

ದೀಪ ಶುಭಕ್ಕೆ ಹಾಕಿದ್ದು. ಕೆಳಗೆ ಏನೂ ಇಲ್ಲ.

ಕತ್ತರಿ ಇರಬಾರದು ಎಂಬ ಹಾಳೆಯನ್ನು ನಾನೂ ಓದಿದ್ದೇನೆ. ಈ ಕಸುಬಿಗೆ ಬಂದಾಗಿನಿಂದ ಆ ಮಾತು ಹೇಳದ ಗಿರಾಕಿ ಇಲ್ಲ. ಕತ್ತರಿ ಇರಬಾರದು ಎಂದರೆ ಕತ್ತರಿ ಕಾಣಬಾರದು ಎಂದು ಅರ್ಥ. ಬೇರೆ ಅರ್ಥ ಇದೆಯೆಂದು ನನಗೆ ತೋಚಲೂ ಇಲ್ಲ. ನಿನಗೆ ಕಂಡಿತು, ಸರಿ. ನೀನು ದೀಪ ಹಚ್ಚಿದವನು. ಅಲ್ಲಿರುವ ಮೂವರಿಗೆ ಕಾಣುವುದಿಲ್ಲ.

ಅವಳಿಗೆ ಈ ಸೀಟು ಬೇಕು. ಬೇಕು ಎಂದು ಬಾಯಿಬಿಟ್ಟು ಹೇಳುವ ಹುಡುಗಿಯಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಮನೆಯಲ್ಲಿ ಒಂದು ಸ್ಟೂಲನ್ನೂ ಇದ್ದ ಹಾಗೆ ಇರಲು ಬಿಟ್ಟಿಲ್ಲ. ನನ್ನ ಅಮ್ಮನ ಮಂಡಿನೋವಿಗೆಂದು ಒಂದು ಮಣೆ ಮಾಡಿಸಿದ್ದಾಳೆ. ಬಡಗಿ ನಕ್ಕ, ಆಮೇಲೆ ತನ್ನ ಹೆಂಡತಿಗೂ ಒಂದು ಮಾಡಿಕೊಂಡ. ಅಲ್ಲಿ ಆಗದಿದ್ದರೆ ಇಲ್ಲೇ ಬಿ.ಕಾಂ. ಆಮೇಲೆ ಕಲಾಸಿಪಾಳ್ಯದಲ್ಲಿ ಅವಳ ಸೋದರಮಾವ ದೊಡ್ಡಬೈರಪ್ಪನವರ ಲಾರಿ ಆಫೀಸು. ಅವರು ಈಗಲೇ ಕುರ್ಚಿ ತೋರಿಸಿದ್ದಾರೆ.

ಕತ್ತರಿ ಇಲ್ಲ ಎಂದು ಬರೆ. ಎರಡು ಪದ.

ಶಶಿಕುಮಾರ್


ಪುಣೆ
೧೬ ಮಾರ್ಚ್ ೧೯೯೯

ಶಶಿ,

ಆ ಎರಡು ಪದ ಬರೆಯುವುದಿಲ್ಲ. ಅದಕ್ಕಿಂತ ಸುಲಭವಾದ ದಾರಿ ಇದೆ. ಕಳಿಸಿದ ಕ್ಯಾಸೆಟ್ ಸರಿಯಿಲ್ಲದಿದ್ದರೆ ಮಾರ್ಚ್ ೩೧ರೊಳಗೆ ಬೇರೆಯದು ಕಳಿಸಬಹುದು. ಮೊದಲನೆಯದನ್ನು ಪಕ್ಕಕ್ಕಿಟ್ಟು ಎರಡನೆಯದನ್ನೇ ನೋಡುತ್ತಾರೆ. ನೀನು ಕಳಿಸಿದ್ದು ಪ್ರತಿ. ಕ್ಯಾಮೆರಾದಿಂದ ತೆಗೆದ ಮೂಲ ಕ್ಯಾಸೆಟ್ ನಿನ್ನ ಹತ್ತಿರ ಇರಲೇಬೇಕು. ಅದನ್ನು ಕಳಿಸು. ಪಾತ್ರೆ ಉರುಳಿರಲಿ, ಹಿಟ್ಟು ಗಂಟಾಗಿರಲಿ, ಯಾರಾದರೂ ಬಂದು ಸಹಾಯ ಮಾಡಿರಲಿ, ಯಾವುದಕ್ಕೂ ಅಡ್ಡಿಯಿಲ್ಲ. ಅಂಗಿ ಸುಟ್ಟವನ ಹೆಸರಿಗೆ ಮುಂದಿನ ಸುತ್ತಿಗೆಂದು ಆಗಲೇ ಗುರುತು ಹಾಕಿದ್ದಾರೆ. ಇವರು ಕೇಳುತ್ತಿರುವುದು ತಪ್ಪಿಲ್ಲದ ಹತ್ತು ನಿಮಿಷವನ್ನಲ್ಲ.

ಶುಭಕ್ಕೆ ಎಂದು ಬರೆದಿದ್ದೀಯ. ಕುಮಾರ ಪಾರ್ಕಿನವರ ಮದುವೆಯಲ್ಲೂ ನೀನು ಅದೇ ಮಾತು ಹೇಳಿದೆ. ಅಲ್ಲಿ ದೀಪ ನಲವತ್ತು ಸೆಕೆಂಡ್. ಮಾಂಗಲ್ಯ ಕಟ್ಟುವ ಹೊತ್ತಿಗೆ ಹುಡುಗಿಯ ಅಜ್ಜ ಮಂಟಪದ ಮೆಟ್ಟಿಲಿನಿಂದ ಬಿದ್ದರು. ನಾನು ಲೈಟು ಬಿಟ್ಟು ಓಡಿದೆ. ನೀನು ಕಣ್ಣು ಕ್ಯಾಮೆರಾದಿಂದ ತೆಗೆಯಲಿಲ್ಲ. ಕ್ಯಾಸೆಟ್ಟಿನಲ್ಲಿ ಅಜ್ಜನೂ ಇಲ್ಲ, ನಾನೂ ಇಲ್ಲ, ದೀಪ ಇದೆ.

ನಾಡಿದ್ದು ಯುಗಾದಿ. ಇಲ್ಲಿ ಬೇವಿನ ಹೂವು ಸಿಕ್ಕಿತು, ಬೆಲ್ಲದ ರುಚಿ ಬೇರೆ.

ಮೂಲ ಕಳಿಸು. ಹದಿನೈದು ದಿನ ಇದೆ.

ಶ್ರೀಹರಿ


ಚಾಮರಾಜಪೇಟೆ
೨೫ ಮಾರ್ಚ್ ೧೯೯೯

ಶ್ರೀಹರಿ,

ಮೂಲ ಇಲ್ಲ. ಅದರ ಮೇಲೆ ಒಂದು ಗೃಹಪ್ರವೇಶ ತೆಗೆದಾಯಿತು.

ಅಜ್ಜನ ವಿಷಯ ಎತ್ತಿದ್ದೀಯ. ಆ ದಿನ ಛತ್ರದ ಹಿಂದೆ, ಎಲೆ ಎಸೆಯುವ ಜಾಗದಲ್ಲಿ ನಾವಿಬ್ಬರೂ ಜಗಳ ಆಡಿದ್ದು ನನಗೂ ನೆನಪಿದೆ. “ಮಾಂಗಲ್ಯ ಇನ್ನೊಂದ್ಸಲ ಕಟ್ತಾರೇನೋ?” ಎಂದು ನಾನು ಕೇಳಿದೆ. “ಅಜ್ಜ ಇನ್ನೊಂದ್ಸಲ ಬೀಳ್ತಾರೇನೋ?” ಎಂದು ನೀನು ಕೇಳಿದೆ. ಅಡುಗೆಯವನೊಬ್ಬ ನಗುತ್ತಿದ್ದ. ನೀನು ಅದೇ ಸಂಜೆ ನಿನ್ನ ಪಾಲಿನ ವೈರು, ಬಲ್ಬು ಚೀಲಕ್ಕೆ ತುಂಬಿಕೊಂಡು ಹೋದೆ. ಅಜ್ಜ ಆಮೇಲೆ ಆರು ವರ್ಷ ಬದುಕಿದ್ದರು. ಇದು ನಿನಗೆ ಗೊತ್ತಿರಲಿಕ್ಕಿಲ್ಲ.

ನೀನು ಓಡಿದೆಯಲ್ಲ. ಇಬ್ಬರೂ ಓಡಿದ್ದರೆ ಏನು ಸಿಗುತ್ತಿತ್ತು?

ನಿನಗೆ ತೋಚಿದ್ದು ಬರೆದುಕೋ. ಆದರೆ ಬರೆಯುವ ಮೊದಲು ಇನ್ನೊಮ್ಮೆ ಹುಡುಗಿಯ ಕೈ ನೋಡು. ಕೊನೆಯ ಎರಡು ನಿಮಿಷ, ಮುದ್ದೆ ಕಟ್ಟುವಾಗ. ಅದರಲ್ಲಿ ನನ್ನದು ಏನೂ ಇಲ್ಲ.

ಶಶಿ


ಚಾಮರಾಜಪೇಟೆ
೧ ಏಪ್ರಿಲ್ ೧೯೯೯

ಶ್ರೀಹರಿ ಅಂಕಲ್ ಅವರಿಗೆ,

ನಾನು ತೇಜಶ್ರೀ. ಚಿಕ್ಕವಳಿದ್ದಾಗ ನೀವು ನನ್ನನ್ನು ಕ್ಯಾಮೆರಾ ಸ್ಟ್ಯಾಂಡಿನ ಕೆಳಗೆ ಕೂರಿಸಿ ಬಿಸ್ಕತ್ತು ಕೊಡುತ್ತಿದ್ದಿರಂತೆ. ನನಗೆ ನೆನಪಿಲ್ಲ. ಲೈಟು ಹಿಡಿದ ಒಂದು ಕೈ ಮಾತ್ರ ನೆನಪಿದೆ, ಅದು ನಿಮ್ಮದೇ ಇರಬೇಕು.

ನಿನ್ನೆ ಸಂಜೆ ಅಪ್ಪನ ಕ್ಯಾಮೆರಾ ಚೀಲದಲ್ಲಿ ಸೆಲ್ ಹುಡುಕುವಾಗ ನಿಮ್ಮ ಎರಡು ಪತ್ರ ಸಿಕ್ಕವು. ಓದಿದೆ. ಗಡುವು ನಿನ್ನೆಗೇ ಮುಗಿದಿದೆ ಎಂದು ಗೊತ್ತು. ಆದರೂ ಮೂಲ ಕ್ಯಾಸೆಟ್ ಕಳಿಸುತ್ತಿದ್ದೇನೆ. ದೀಪದ ಕೆಳಗೆ ಏನಿದೆ ಎಂದು ನೀವು ಕೇಳಿದ್ದಿರಿ. ಅಷ್ಟಕ್ಕೆ.

ಅಪ್ಪ ಅದನ್ನು ಅಳಿಸಿಲ್ಲ. ಅಪ್ಪ ಯಾವುದನ್ನೂ ಅಳಿಸುವುದಿಲ್ಲ. ಅಟ್ಟದ ಮೇಲೆ ಮುನ್ನೂರು ಕ್ಯಾಸೆಟ್ ಇವೆ, ಇದು ಕೊನೆಯ ಸಾಲಿನಲ್ಲಿತ್ತು, ಮೇಲೆ ಹೆಸರು ಇರಲಿಲ್ಲ. ಹೆಸರಿಲ್ಲದ್ದು ಅದೊಂದೇ ಆದ್ದರಿಂದ ಬೇಗ ಸಿಕ್ಕಿತು.

ಆ ದಿನ ಅಮ್ಮ ಪಾಠ ಹೇಳಲು ಸ್ಕೂಲಿಗೆ ಹೋಗಿದ್ದರು. ಅಪ್ಪ ಅಡುಗೆಮನೆಯಲ್ಲಿ ಕ್ಯಾಮೆರಾ ನಿಲ್ಲಿಸಿ ಬಾಗಿಲ ಮೇಲೆ ಒಂದು ಲೈಟು ಕಟ್ಟಿದ್ದರು. ಅಜ್ಜಿ ಹೊಸ್ತಿಲ ಆಚೆ ಕೂತಿದ್ದರು. ಕ್ಯಾಸೆಟ್ಟಿನಲ್ಲಿ ಅವರು ಕಾಣುವುದಿಲ್ಲ, ಆದರೆ ಕೇಳಿಸುತ್ತಾರೆ.

“ಅಲ್ಲ ಕಣೇ, ಕಾಲೇಜ್ನೋರ್ಗೆ ಮುದ್ದೆ ಮಾಡಿ ತೋರುಸ್ತೀಯಾ? ಅವರೇನ್ ಹೆಣ್ ನೋಡಕ್ ಬರ್ತಾವ್ರಾ?”

“ಅಜ್ಜಿ, ಮಾತಾಡ್ಬೇಡ. ಎಲ್ಲಾ ರೆಕಾರ್ಡ್ ಆಗ್ತಿದೆ.”

“ಆಗ್ಲಿ ಬಿಡು. ಹಿಟ್ಟು ಜಾಸ್ತಿ ಸುರ್ದೆ ಅಂತ ಅವ್ರಿಗೂ ಗೊತ್ತಾಗ್ಲಿ.”

ಹಿಟ್ಟು ಜಾಸ್ತಿಯಾಗಿದ್ದು ನಿಜ. ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆ ಸುತ್ತಿ ಎರಡು ಪಾದಗಳ ನಡುವೆ ಒತ್ತಿಕೊಂಡು ತಿರುವತೊಡಗಿದೆ. ಅಜ್ಜಿ ಯಾವಾಗಲೂ ಹಾಗೇ ಮಾಡುವುದು. ನಮ್ಮ ಅಡುಗೆಮನೆಯ ನೆಲ ನುಣುಪು. ಬಟ್ಟೆ ಜಾರಿತು. ಪಾತ್ರೆ ನನ್ನ ಕಡೆಗೆ ವಾಲಿತು. ಅಪ್ಪ ಬಂದರು. ಬರಿಗೈಯಲ್ಲಿ ಪಾತ್ರೆಯ ಅಂಚು ಹಿಡಿದು ಕೂತರು. “ಬಿಡ್ಬೇಡ, ತಿರುವು” ಅಂದರು. ನಾನು ತಿರುವಿದೆ. ಗಂಟು ಒಡೆಯುವವರೆಗೂ ಹಿಡಿದಿದ್ದರು. ನಾನು ಅವರ ಮುಖ ನೋಡಲಿಲ್ಲ, ಹಿಟ್ಟು ನೋಡುತ್ತಿದ್ದೆ. ಆಮೇಲೆ ಎದ್ದು ಕ್ಯಾಮೆರಾ ಹಿಂದಕ್ಕೆ ಹೋದರು.

ಹತ್ತು ನಿಮಿಷ ಮುಗಿದ ಮೇಲೆ ಅಜ್ಜಿ ಒಳಗೆ ಬಂದು ಕೂಗಿಕೊಂಡರು. “ಅಯ್ಯೋ, ಕೈ ನೋಡ್ಲಾ ಶಶಿ!”

“ಏನಾಗಿಲ್ಲ ಬಿಡಮ್ಮ. ಫ್ರೇಮಲ್ಲಿ ಬಂದ್ಬಿಟ್ಟೆ” ಅಂದರು ಅಪ್ಪ. ಅದನ್ನೇ ಮತ್ತೆ ಅಂದರು. “ಫ್ರೇಮಲ್ಲಿ ಬಂದ್ಬಿಟ್ಟೆ ಕಣೇ ತೇಜು, ಕ್ಷಮಿಸ್ಬಿಡು.” ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ಅದರಲ್ಲೇ ಎಡಿಟಿಂಗಿಗೆ ಕೂತರು. ಆ ತಿಂಗಳ ಎರಡು ಮದುವೆ ಬೇರೆಯವರಿಗೆ ಬಿಟ್ಟುಕೊಟ್ಟರು.

ಪ್ರತಿಯನ್ನು ನಾನೂ ನೋಡಿದ್ದೆ. “ಇದ್ಯಾಕಪ್ಪ ದೀಪ?” ಎಂದು ಕೇಳಿದೆ. “ಚೆನ್ನಾಗಿರುತ್ತೆ ಬಿಡು” ಅಂದರು. ನಿಯಮದ ಹಾಳೆ ನನ್ನ ಮೇಜಿನ ಮೇಲೇ ಇತ್ತು. ನಾನು ಸುಮ್ಮನಿದ್ದೆ. ಅದು ಅಪ್ಪನ ತಪ್ಪಲ್ಲ.

ಕ್ಯಾಸೆಟ್ ಕಳಿಸಿದ್ದು ಅಪ್ಪನಿಗೆ ಗೊತ್ತಿಲ್ಲ. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ತೇಜಶ್ರೀ


ಪುಣೆ
೫ ಏಪ್ರಿಲ್ ೧೯೯೯

ಶಶಿ,

ನಿನ್ನ ಮಗಳು ಮೂಲ ಕಳಿಸಿದ್ದಾಳೆ. ನಡುವೆ ಗುಡ್ ಫ್ರೈಡೆ ಬಂದು ಶನಿವಾರ, ಮೂರನೇ ತಾರೀಖು ಕೈಗೆ ಸಿಕ್ಕಿತು. ಅವಳನ್ನು ಬೈಯಬೇಡ.

ನಾಲ್ಕು ಸಲ ನೋಡಿದೆ. ಇಪ್ಪತ್ತು ವರ್ಷದ ಪರಿಚಯದಲ್ಲಿ ನಿನ್ನನ್ನು ಪರದೆಯ ಮೇಲೆ ನೋಡಿದ್ದು ಇದೇ ಮೊದಲು. ಬನಿಯನ್ನು, ನೀಲಿ ಲುಂಗಿ. ತಲೆ ಹಿಂದುಗಡೆ ಬೋಳಾಗಿದೆ. ಒಂದು ವಿಷಯ ನಿನಗೆ ಗೊತ್ತಿದೆಯೋ ಇಲ್ಲವೋ. ಕ್ಯಾಮೆರಾದಿಂದ ಪಾತ್ರೆಗೆ ನೇರವಾಗಿ ಬರಬಹುದಿತ್ತು, ಮೂರು ಹೆಜ್ಜೆ. ನೀನು ಗೋಡೆ ಬಳಸಿ ಬಂದಿದ್ದೀಯ. ನೇರ ಬಂದಿದ್ದರೆ ಅವಳ ಮುಖದ ಮೇಲೆ ನಿನ್ನ ನೆರಳು ಬೀಳುತ್ತಿತ್ತು. ಪಾತ್ರೆ ಮಗುಚುತ್ತಿರುವಾಗಲೂ ನೀನು ಲೈಟಿಗೆ ಅಡ್ಡ ಬಂದಿಲ್ಲ. ಅರ್ಧ ಸೆಕೆಂಡ್ ಹೆಚ್ಚಾಗಿದೆ.

ಇದರಲ್ಲಿ ಮುಚ್ಚುವಂಥದ್ದು ಏನೂ ಇರಲಿಲ್ಲ. ನೀನು ಮುಚ್ಚಿದ್ದು ಹುಡುಗಿಯ ತಪ್ಪನ್ನು ಎಂದುಕೊಂಡಿದ್ದೆ.

ಮೂಲ ಕ್ಯಾಸೆಟ್ ಬಂದದ್ದು ಮಾರ್ಚ್ ೩೧ ಎಂದು ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಕತ್ತರಿ ಇಲ್ಲ ಎಂದೂ ಬರೆದಿದ್ದೇನೆ, ಅದು ನಿಜ. ಅದೇ ಕಪ್ಪು ಶಾಯಿ, ಉಳಿದ ಸಾಲುಗಳ ಹಾಗೇ ಇದೆ.

ಇದು ಅವಳಿಗೆ ತಿಳಿಯುವುದು ಬೇಡ.

ಶ್ರೀಹರಿ


ಚಾಮರಾಜಪೇಟೆ
೧೪ ಏಪ್ರಿಲ್ ೧೯೯೯

ಶ್ರೀಹರಿ,

ನೀನು ಇಂಥದ್ದು ಬರೆಯುವವನಲ್ಲ. ಬರೆದಿದ್ದೀಯ. ಐದಾರು ದಿನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಎರಡು ಮುಂಜಿ, ಒಂದು ಆರತಕ್ಷತೆ ಆಯಿತು.

ಅಜ್ಜ ಬಿದ್ದ ದಿನಕ್ಕೂ ಇದಕ್ಕೂ ಗಂಟು ಹಾಕಬೇಡ. ನೀನು ಹಾಕಿಲ್ಲ, ಆದರೆ ನಾಲ್ಕು ಸಲ ನೋಡಿದೆ ಎಂದು ಬರೆದಿದ್ದೀಯ. ಆ ದಿನ ಕ್ಯಾಮೆರಾ ನನ್ನ ಭುಜದ ಮೇಲಿತ್ತು. ಈ ಸಲ ಸ್ಟ್ಯಾಂಡಿನ ಮೇಲಿತ್ತು. ವ್ಯತ್ಯಾಸ ಅಷ್ಟೇ.

ಮದುವೆಮನೆಯಲ್ಲಿ ನಮ್ಮ ವೈರಿನ ತುದಿ ಕಂಡರೂ ಗಿರಾಕಿ ಮುಖ ಸಿಂಡರಿಸುತ್ತಿದ್ದರು. ನಾನು ಕಂಡರೆ ಅದು ಹ್ಯಾಗೆ ಅವಳ ಕ್ಯಾಸೆಟ್ ಆಗುತ್ತದೆ? ಹೀಗೆ ಯೋಚಿಸಿ ದೀಪ ಹಾಕಿದೆ. ಯೋಚಿಸಿದೆ ಎನ್ನುವುದೂ ತಪ್ಪು. ಕೈ ತಾನಾಗಿ ಆ ದೀಪದ ಕ್ಯಾಸೆಟ್ಟಿಗೆ ಹೋಯಿತು.

ತೇಜುವನ್ನು ಬೈಯಲಿಲ್ಲ. ಅವಳು ಕಳಿಸಿದ್ದು ನನಗೆ ಗೊತ್ತಿದೆ ಎಂದೂ ಹೇಳಿಲ್ಲ. ಮನೆಯಲ್ಲಿ ಎಲ್ಲರೂ ಪರೀಕ್ಷೆಯ ಬಗ್ಗೆ ಮಾತನಾಡುತ್ತೇವೆ.

ಶಶಿ


ಚಾಮರಾಜಪೇಟೆ
೨೨ ಮೇ ೧೯೯೯

ಶ್ರೀಹರಿ ಅಂಕಲ್,

ಕಾಲೇಜಿನಿಂದ ಸಂದರ್ಶನಕ್ಕೆ ಪತ್ರ ಬಂದಿದೆ. ಜೂನ್ ೧೧, ಬೆಳಿಗ್ಗೆ ಹತ್ತೂವರೆ. ನಾನೂರ ಹನ್ನೆರಡು ಅರ್ಜಿಗಳಲ್ಲಿ ಐವತ್ತು ಜನರನ್ನು ಕರೆದಿದ್ದಾರಂತೆ, ಸೀಟು ಇಪ್ಪತ್ತು. ಪತ್ರ ಓದಿ ಅಜ್ಜಿ “ನಮ್ ಮುದ್ದೆ ಪಾಸಾಯ್ತು” ಅಂದು ಇಡೀ ಬೀದಿಗೆ ಹೇಳಿ ಬಂದರು.

ಪತ್ರದ ಎರಡನೇ ಸಾಲಿನಲ್ಲಿ ಹೀಗಿದೆ: ತಾವು ಬದಲಿಯಾಗಿ ಕಳಿಸಿದ ಕ್ಯಾಸೆಟ್ ಮಾರ್ಚ್ ೩೧ರಂದು ತಲುಪಿದೆ.

ನಾನು ಅದನ್ನು ಚಾಮರಾಜಪೇಟೆ ಪೋಸ್ಟ್ ಆಫೀಸಿನಲ್ಲಿ ಕೊಟ್ಟಿದ್ದು ಏಪ್ರಿಲ್ ಒಂದು. ರಸೀದಿ ನನ್ನ ಹತ್ತಿರ ಇದೆ.

ಅಪ್ಪನಿಗೆ ಈ ಸಾಲು ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, “ಅವರ ಆಫೀಸ್ನೋರ ವಿಚಾರ, ನಮಗ್ಯಾಕೆ?” ಅಂದರು. ಅಪ್ಪ ಸುಳ್ಳು ಹೇಳುವಾಗ ಕನ್ನಡಕ ಒರೆಸುತ್ತಾರೆ. ಆಗ ನನಗೆ ಯಾರು ಬರೆದದ್ದು ಎಂದು ಗೊತ್ತಾಯಿತು.

ಎರಡು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ: ಹೆಚ್ಚೆಂದರೆ ಎರಡು ಮೂರು ದಿನ, ಯಾರಿಗೂ ಅನ್ಯಾಯವಿಲ್ಲ. ಆದರೆ ಹಾಗೆ ತಡವಾಗಿ ಕಳಿಸಿದವರು ಬೇರೆ ಯಾರೂ ಇರಲಿಲ್ಲವೇ? ಇದ್ದರೆ ಅವರ ಕ್ಯಾಸೆಟ್ ಏನಾಯಿತು? ಇದನ್ನು ನಿಮಗೆ ಕೇಳುತ್ತಿಲ್ಲ.

ಸಂದರ್ಶನಕ್ಕೆ ಬರುತ್ತೇನೆ. ರಸೀದಿ ತರುತ್ತೇನೆ. ಕೇಳಿದರೆ ತೋರಿಸುತ್ತೇನೆ, ಕೇಳದಿದ್ದರೂ ತೋರಿಸುತ್ತೇನೆ. ನಿಮ್ಮ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಗೊತ್ತು. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ನೀವು ಅಷ್ಟರಲ್ಲಿ ರಿಜಿಸ್ಟರ್ ಸರಿಮಾಡಬೇಕೆಂದರೆ ಇನ್ನೂ ಇಪ್ಪತ್ತು ದಿನ ಇದೆ.

ನೀವೂ ಅಪ್ಪನೂ ನನಗೆ ಒಳ್ಳೆಯದನ್ನೇ ಮಾಡಿದಿರಿ. ಇನ್ನು ಸಾಕು.

ತೇಜಶ್ರೀ


ಪುಣೆ
೧೨ ಜೂನ್ ೧೯೯೯

ಶಶಿ,

ಅವಳು ಇವತ್ತು ರೈಲು ಹತ್ತಿದಳು. ನಾಳೆ ಬಂದು ಅವಳೇ ಹೇಳುತ್ತಾಳೆ. ನಾನು ಕಂಡಷ್ಟನ್ನು ಬರೆಯುತ್ತೇನೆ.

ಇಪ್ಪತ್ತು ದಿನ ಸಮಯ ಕೊಟ್ಟಿದ್ದಳು. ನಾನು ರಿಜಿಸ್ಟರ್ ತಿದ್ದಲಿಲ್ಲ. ಅವಳು ಬಂದ ಮೇಲೆ ಮನಸ್ಸು ಬದಲಾಯಿಸಬಹುದು ಎಂದು ಒಂದು ಕಡೆ ಅನ್ನಿಸುತ್ತಿತ್ತು. ಬದಲಾಯಿಸಲಿ ಎಂದು ಕಾಯುತ್ತಿದ್ದೆ ಎಂದೂ ಹೇಳಬಹುದು.

ಕೋಣೆಯಲ್ಲಿ ವಿಸಿಆರ್ ನಡೆಸಲು ನಾನೇ ಇದ್ದೆ. ಮೂವರಲ್ಲಿ ಮುಖ್ಯಸ್ಥೆ ಮಹಾನಂದ ಮೇಡಂ, ಗುಲ್ಬರ್ಗದವರು. ಮೂಲ ಕ್ಯಾಸೆಟ್ ಪೂರ್ತಿ ನೋಡಿದರು. ನೀನು ಗೋಡೆ ಬಳಸಿ ಬರುವಲ್ಲಿ ಮೇಡಂ “ನಿಲ್ಲಸ್ರಿ” ಎಂದರು. ಹಿಂದಕ್ಕೆ ಹಾಕಿಸಿ ಮತ್ತೆ ನೋಡಿದರು. ಆಮೇಲೆ ಕನ್ನಡದಲ್ಲೇ ಕೇಳಿದರು.

“ಇವ್ರ್ಯಾರು?”

“ನಮ್ಮಪ್ಪ.”

“ಹಿಂಗ ಬರೋದು ಅಂತ ಮೊದಲಽ ಮಾತಾಗಿತ್ತೇನು?”

“ಇಲ್ಲ ಮೇಡಂ. ಅವರು ಯಾವತ್ತೂ ಬರಲ್ಲ.”

ಮೂವರೂ ನಕ್ಕರು. ಒಬ್ಬರು ಹಾಳೆಯ ಮೇಲೆ ಅಂಕಿ ಬರೆದರು. ನಾನು ಹಿಂದೆ ನಿಂತಿದ್ದರಿಂದ ಅಂಕಿ ಕಂಡಿತು, ಒಳ್ಳೆಯ ಅಂಕಿ. ಮುಂದಿನವರನ್ನು ಕರೆಯಿರಿ ಎಂದೂ ಹೇಳಿಯಾಗಿತ್ತು. ಹುಡುಗಿ ಎದ್ದಳು, ಚೀಲದಿಂದ ರಸೀದಿ ತೆಗೆದು ಮೇಜಿನ ಮೇಲಿಟ್ಟಳು.

“ಇದನ್ನ ಯಾಕ ತಂದಿ?”

“ಕ್ಯಾಸೆಟ್ ಕಳಿಸಿದ್ದು ಏಪ್ರಿಲ್ ಒಂದನೇ ತಾರೀಖು ಮೇಡಂ. ತಡ ಮಾಡಿದ್ದು ನಾನು.”

ಮೇಡಂ ರಸೀದಿ ನೋಡಿದರು, ರಿಜಿಸ್ಟರ್ ತರಿಸಿ ನೋಡಿದರು, ನನ್ನನ್ನು ನೋಡಿದರು. “ಶ್ರೀಹರಿ, ಈ ಅಕ್ಷರ ನಿಮ್ದೇ ಏನ್ರಿ?” ಹೌದು ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಮಾತನಾಡಿದರು. ತಡವಾಗಿ ಬಂದ ಬೇರೆ ಏಳು ಕ್ಯಾಸೆಟ್ಟುಗಳನ್ನು ನೋಡದೆ ಹಿಂದಕ್ಕೆ ಕಳಿಸಲಾಗಿದೆಯಂತೆ. ಕಳಿಸಿದವನು ನಾನೇ. ಅವಕ್ಕಿಲ್ಲದ ರಿಯಾಯಿತಿ ಇದಕ್ಕೂ ಇಲ್ಲ. ಗಡುವಿನೊಳಗೆ ಬಂದದ್ದು ದೀಪದ ಕ್ಯಾಸೆಟ್, ಅದರಲ್ಲಿ ಕತ್ತರಿ ಇದೆ. ಈ ವರ್ಷ ಆಗುವುದಿಲ್ಲ, ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು ಎಂದರು. ನನ್ನನ್ನು ಸಾಮಾನಿನ ಕೋಣೆಗೆ ಹಾಕಿದ್ದಾರೆ. ಕುರ್ಚಿ ಎಣಿಸಬೇಕು.

ಕ್ಯಾಂಟೀನಿನಲ್ಲಿ ಅವಳಿಗೆ ಚಹಾ, ಬನ್ ಕೊಡಿಸಿದೆ. ನನ್ನನ್ನೇ ಕೇಳಿದಳು. “ಬೇಜಾರಾಯ್ತಾ ಅಂಕಲ್?”

“ನಿನಗೆ?”

“ತುಂಬಾ” ಎಂದಳು. ಅತ್ತಳು ಕೂಡ, ಸ್ವಲ್ಪ ಹೊತ್ತು, ಯಾರೂ ಇಲ್ಲದ ಕಡೆ ತಿರುಗಿಕೊಂಡು. ಮೂಗು ಒರೆಸಿಕೊಂಡು, “ಇನ್ನೊಂದ್ ಬನ್ ತಗೊಳ್ಲಾ?” ಎಂದಳು.

ಅವಳ ಜೊತೆ ಬಂದಿದ್ದ ದೊಡ್ಡಬೈರಪ್ಪನವರು ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕೂತಿದ್ದರು.

“ಸೀಟ್ ಕೊಟ್ರೇನಮ್ಮ?”

“ಮುಂದಿನ್ ವರ್ಷ ಬಾ ಅಂದ್ರು ಮಾವ.”

“ಅಬ್ಬಾ! ಮುಂದಿನ್ ವರ್ಷದ್ದು ಈಗ್ಲೇ ಕೊಟ್ಬಿಟ್ರಾ?”

ಅವಳು ಉಳಿದ ಬನ್ನನ್ನು ಅವರ ಕೈಗಿಟ್ಟಳು.

ಶ್ರೀಹರಿ


ಚಾಮರಾಜಪೇಟೆ
೨೦ ಫೆಬ್ರವರಿ ೨೦೦೦, ಭಾನುವಾರ

ಶ್ರೀ,

ಎಂಟು ತಿಂಗಳಾಯಿತು, ಬರೆಯಲಿಲ್ಲ. ಈಗ ಬರೆಯಲು ಹತ್ತು ನಿಮಿಷ ಸಿಕ್ಕಿದೆ.

ತೇಜು ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ಬಿ.ಕಾಂ.ಗೆ ಸೇರಿದ್ದಾಳೆ, ಹೋಗುತ್ತಾಳೆ, ಬರುತ್ತಾಳೆ. ಈ ಸಲ ಕ್ಯಾಸೆಟ್ಟಿಗೆ ಮುದ್ದೆ ಅಲ್ಲ. ಬೇರೆ ಏನೋ. ಏನು ಎಂದು ನನಗೆ ಹೇಳಿಲ್ಲ. ಒಂದು ವಾರದಿಂದ ನಡುಮನೆಯಲ್ಲಿ ಹಲಗೆ, ಹಗ್ಗ, ಹಳೆಯ ಸೈಕಲ್ ಟ್ಯೂಬು ಬಿದ್ದಿವೆ. ನಮ್ಮಮ್ಮನಿಗೆ ಗೊತ್ತು, ನನ್ನ ಮುಂದೆ ಬಾಯಿ ಬಿಡುವುದಿಲ್ಲ. ಕ್ಯಾಮೆರಾ ತಾನೇ ನಿಲ್ಲಿಸಿಕೊಂಡಳು. ಲೈಟು ತಾನೇ ಕಟ್ಟಿದಳು, ಸ್ವಲ್ಪ ಎತ್ತರವಾಯಿತು, ನಾನು ಹೇಳಲಿಲ್ಲ. ಕ್ಯಾಸೆಟ್ ಹಾಕಿ, “ಅಪ್ಪ, ಹತ್ತು ನಿಮಿಷ ಆಚೆ ಇರು” ಎಂದು ಬಾಗಿಲು ಮುಂದಕ್ಕೆ ಹಾಕಿದಳು. ಚಿಲಕ ಹಾಕಿದ ಸದ್ದು ಬರಲಿಲ್ಲ.

ನಿನ್ನನ್ನು ಮತ್ತೆ ವಿಸಿಆರ್ ಹತ್ತಿರಕ್ಕೆ ಕರೆದಿದ್ದಾರೆಯೇ? ಕರೆದಿದ್ದರೆ ಅವಳ ಕ್ಯಾಸೆಟ್ಟನ್ನು ನೀನು ನೋಡಬಾರದಂತೆ, ಬೇರೆಯವರಿಗೆ ಕೊಡಬೇಕಂತೆ. ಹೀಗೆ ಬರೆಯಲು ಹೇಳಿದ್ದಾಳೆ.

ಎದುರುಮನೆ ಸಿದ್ದಮ್ಮನವರ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಅವರು ಅವರೆಕಾಯಿ ಸುಲಿಯುತ್ತಿದ್ದಾರೆ.

“ಏನ್ ಶಶಿಯಣ್ಣ, ಆಚೆ ಕೂತಿದೀರ? ಮನೇಲಿ ಜಗಳಾನಾ?”

“ಷೂಟಿಂಗ್ ನಡೀತಿದೆ.”

“ನೀವಿಲ್ದೆನಾ?”

“ನಾನಿಲ್ದೆನೇ.”

ಹತ್ತು ನಿಮಿಷ ಎಷ್ಟು ಉದ್ದ ಎಂದು ನನಗೆ ಗೊತ್ತಿಲ್ಲದೆ ಏನಲ್ಲ. ಆದರೆ ಕ್ಯಾಮೆರಾದ ಹಿಂದಿನಿಂದ ಅಳೆದೇ ಅಭ್ಯಾಸ. ಇಲ್ಲಿಂದ ನನಗೆ ಕಾಣುವುದು ನಮ್ಮ ಮನೆಯ ಬಾಗಿಲು, ರಂಗೋಲಿ, ಮೀಟರ್ ಪೆಟ್ಟಿಗೆ. ಬಾಗಿಲಿಗೆ ಬಣ್ಣ ಹೊಡೆಸಬೇಕು.

ಈಗ ಒಳಗೆ ಏನೋ ಬಿದ್ದ ಸದ್ದಾಯಿತು. ಭಾರವಾದದ್ದು. ಎದ್ದು ನಿಂತೆ. ಸಿದ್ದಮ್ಮ, “ಹೋಗಿ ನೋಡ್ಬಾರ್ದಾ?” ಎಂದರು. ಗಡಿಯಾರ ನೋಡಿದೆ. ಇನ್ನೂ ನಾಲ್ಕು ನಿಮಿಷ ಇದೆ.

ಮತ್ತೆ ಕೂತಿದ್ದೇನೆ. ಅವರು ನನ್ನ ಮಡಿಲಿಗೆ ಒಂದು ಬೊಗಸೆ ಅವರೆಕಾಯಿ ಹಾಕಿದ್ದಾರೆ.

ಶಶಿ